ಕಲ್ಲಿನ ಮೇಲೆ ಬ್ರಾನಿಗನ್

ಎಡ್ವಿನಾ ಗಾಡಿ ನಿಲ್ಲಿಸಿ ಗೇಟು ದೂಡಿದಾಗ ಅವಳ ಅಣ್ಣ ಸಿಲ್ವನಸ್ ಹಿತ್ತಲಿನಲ್ಲಿ ಅಜ್ಜಿಯ ಗೋರಿಯ ಮೇಲಿನ ಬೂದಿ ಗುಡಿಸುತ್ತಿದ್ದ. ಬೆಂಕಿಯುಗುಳುವ ಬೆಟ್ಟಕ್ಕೆ ಹೆದರಿ ಊರಿಗೆ ಊರೇ ದ್ವೀಪದ ಉತ್ತರಕ್ಕೆ ಹೋಗಿಯಾಗಿತ್ತು. ಉಳಿದವನು ಇವನೊಬ್ಬನೇ. ಬೆಟ್ಟ ಬೆಳಗಿನಿಂದ ಸದ್ದು ಮಾಡಿರಲಿಲ್ಲ. ಅವಳಿಗೆ ಅದೇ ಹೆಚ್ಚು ದಿಗಿಲು ಹುಟ್ಟಿಸಿತ್ತು.

"ಪೊರಕೆ ಬಿಸಾಕಿ ಬಾರೋ ಅಣ್ಣ. ದಾರಿ ಮುಚ್ಚಿರೋ ಪೊಲೀಸರ ಕಣ್ಣು ತಪ್ಪಿಸಿ ಬಂದಿದೀನಿ."

"ಬಂದ ದಾರಿ ಗೊತ್ತಲ್ಲ, ಹೊರಡು."

"ಯಾರಿಗೋಸ್ಕರ ಕಾಯ್ತಾ ಕೂತಿದೀಯ? ಕಲ್ಲಿನ ಮೇಲೆ ಏನು ಬರೆದಿದೆ ನೋಡು. ಅಜ್ಜಿ ಹೆಸರಿನ ಮುಂದೆ ಬ್ರಾನಿಗನ್! ಐರ್ಲೆಂಡಿಂದ ಬಂದು ನಮ್ಮೋರನ್ನ ಕಬ್ಬಿನ ಗದ್ದೇಲಿ ಚಾವಟಿ ಬೀಸಿ ದುಡಿಸಿದೋನ ಹೆಸರು. ಅದಕ್ಕೆ ಜೀವ ಕೊಡ್ತೀಯಾ?"

ಸಿಲ್ವನಸ್ ನಕ್ಕ. "ನಿನ್ನ ಮೂಗಿನ ಮೇಲಿರೋ ಕಂದು ಚುಕ್ಕೆ ಅವನ ರಕ್ತದಿಂದಲೇ ಬಂದಿದ್ದಲ್ವಾ ಮತ್ತೆ? ಹೆಸರು ಅವನದೇ ಇರ್ಲಿ. ಸುತ್ತ ಇಟ್ಟಿರೋ ಶಂಖ ಯಾರದು? ಆಫ್ರಿಕಾದಿಂದ ಬಂದೋರು ಹಿಂಗೇ ಇಡ್ತಿದ್ರು ಅಂತ ಅಮ್ಮ ಒಂದೊಂದೇ ಹೊತ್ತು ತಂದಿದ್ದು. ಅಜ್ಜಿ ಆ ಎರಡೂ ರಕ್ತ ಮೈಯಲ್ಲಿ ಹೊತ್ಕೊಂಡು ಬದುಕಿದ್ಲು. ಅವಳನ್ನ ಒಬ್ಬಳೇ ಬಿಟ್ಟು..."

ಮಾತು ಮುಗಿಯಲಿಲ್ಲ. ಕಾಲಡಿಯ ನೆಲ ಒಮ್ಮೆ ಜಗ್ಗಿದಂತಾಯಿತು. ಬೆಟ್ಟದ ನೆತ್ತಿಯಿಂದ ಬೂದುಬಣ್ಣದ ಮೋಡವೊಂದು ಆಕಾಶಕ್ಕೇರದೆ, ಕಣಿವೆ ಹಿಡಿದು ಕೆಳಗಿಳಿಯತೊಡಗಿತು. ಅದಕ್ಕೆ ಸದ್ದೇ ಇರಲಿಲ್ಲ. ನಡುಮಧ್ಯಾಹ್ನ ಕತ್ತಲಾಯಿತು. ಗಂಧಕದ ವಾಸನೆ ಗಂಟಲು ಹಿಡಿಯಿತು. ತಗಡಿನ ಮಾಡಿನ ಮೇಲೆ ಬಿಸಿ ಕಲ್ಲುಗಳು ಪಟಪಟನೆ ಬಿದ್ದವು.

"ಓಡು! ಗಾಡಿ ಹತ್ತು!" ಸಿಲ್ವನಸ್ ಕೂಗಿದ.

ಎಡ್ವಿನಾ ಓಡಲಿಲ್ಲ. ಮೊಣಕಾಲೂರಿ ಬಿದ್ದು, ತಾನು ಈಗಷ್ಟೇ ಬೈದ ಆ ಕಲ್ಲನ್ನೇ ಎರಡೂ ತೋಳಲ್ಲಿ ತಬ್ಬಿಕೊಂಡಿದ್ದಳು. "ಅಜ್ಜೀ, ಅಜ್ಜೀ" ಎನ್ನುತ್ತಿದ್ದಳು. ಅವಳ ಲಂಗ ಒದ್ದೆಯಾಗಿತ್ತು. ಸಿಲ್ವನಸ್ ಎಳೆದ, ಬೈದ, ಕೆನ್ನೆಗೆ ಹೊಡೆದ. ಅವಳಿಗೆ ಯಾವುದೂ ತಾಕಲಿಲ್ಲ. ಇಷ್ಟು ದಿನ ಇಲ್ಲೇ ಸಾಯುತ್ತೇನೆಂದು ಹಟ ಹಿಡಿದಿದ್ದವನಿಗೆ, ತಂಗಿ ಇಲ್ಲೇ ಸಾಯುತ್ತಾಳೆ ಎಂಬುದು ಆಗ ಹೊಳೆಯಿತು.

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಶಂಖಗಳನ್ನು ತುಳಿದುಕೊಂಡೇ ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಗಾಡಿಯ ಗಾಜಿಗೆ ಬೂದಿ ಕೆಸರಿನಂತೆ ಮೆತ್ತಿತ್ತು. ಕಿಟಕಿಯಿಂದ ತಲೆ ಹೊರಹಾಕಿ, ರಸ್ತೆಯ ಅಂಚು ನೋಡುತ್ತ ಓಡಿಸಿದ. ತಿರುವಿನಲ್ಲಿ ಹಿಂದಿನಿಂದ ಬಂದ ಬಿಸಿಗಾಳಿ ಅವನ ಕತ್ತಿನ ಚರ್ಮ ಸುಟ್ಟಿತು. ಅವನು ತಿರುಗಿ ನೋಡಲಿಲ್ಲ.

ಊರು ಉಳಿಯಲಿಲ್ಲ. ಮನೆಯ ಮಾಡೂ ಕಾಣದಷ್ಟು ಬೂದಿ ಅದನ್ನು ಮುಚ್ಚಿತೆಂದು ಮರುದಿನ ಹೆಲಿಕಾಪ್ಟರಿನವರು ಹೇಳಿದರು.

ಉತ್ತರದ ಇಗರ್ಜಿಯಲ್ಲಿ ಊರವರೆಲ್ಲ ಸಾಲು ಮಂಚಗಳ ಮೇಲೆ ಕೂತು ಆಡಿನ ಮಾಂಸದ ಸಾರು ಉಣ್ಣುತ್ತಿದ್ದರು. ಎಡ್ವಿನಾ ಎರಡು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಅಣ್ಣನ ಅಂಗಿಯ ತುದಿಯನ್ನೂ ಬಿಟ್ಟಿರಲಿಲ್ಲ.

"ಒಂದು ತುತ್ತು ನುಂಗವ್ವ," ಎಂದ ಅವನು.

ಹೊರಗೆ ಯಾರೋ ಖಾಲಿ ಪೀಪಾಯಿ ಉರುಳಿಸಿದರು. ಒಳಗೆ ಎಲ್ಲರ ಚಮಚಗಳೂ ನಿಂತವು. ಎಲ್ಲರ ಮುಖವೂ ಮೇಲಕ್ಕೆ, ಮಾಡಿನತ್ತ ಎದ್ದಿತು. ಸದ್ದು ಉರುಳುತ್ತ ಉರುಳುತ್ತ ಅಂಗಳದ ಆಚೆ ಹೋಗಿ ನಿಂತಿತು. ತುಸು ಹೊತ್ತಿನ ಮೇಲೆ, ಮೂಲೆಯಲ್ಲಿ ಒಂದು ಚಮಚ ಬಟ್ಟಲಿಗೆ ತಾಗಿತು.