ಅಂಗೈಯ ನಡುವಿನ ಕಪ್ಪು

ಗಂಗಾವತಿಯ ಆ ಅಕ್ಕಿ ಗಿರಣಿಯಲ್ಲಿ ಅಪ್ಪ ಹಂಪಣ್ಣನ ಕಣ್ಣು ಕೆಟ್ಟಿರುವುದು ಗೊತ್ತಿದ್ದದ್ದು ನನಗೊಬ್ಬನಿಗೆ. ವ್ಯಾಪಾರಿಗಳು ತಂದ ಭತ್ತದಿಂದ ಸುಲಿದ ಅಕ್ಕಿಯ ಮಾದರಿಯನ್ನು ಅಂಗೈಯಲ್ಲಿ ಹರವಿ, ಕರಿಕಾಳು, ನುಚ್ಚು ನೋಡಿ, ಮಾಲು ಒಪ್ಪುವುದು ಇಲ್ಲವೇ ತಿರುಗಿ ಕಳಿಸುವುದು ಅವನ ಕೆಲಸ. ಮೂವತ್ತು ವರ್ಷ ಮಾಡಿದ್ದ. ಈಗ ಏನನ್ನು ನೋಡಿದರೂ ನಡುವೆ ಕಪ್ಪು. ಅಂಚು ಮಾತ್ರ ಕಾಣುತ್ತಿತ್ತು. ನಾನು ಬಿ.ಎಸ್ಸಿ. ಮುಗಿಸಿ ಅಲ್ಲೇ ಚೀಟಿ ಬರೆಯುತ್ತ ಅವನ ಬೆನ್ನಿಗೆ ನಿಲ್ಲುತ್ತಿದ್ದೆ. ಮಾಲು ಕೆಟ್ಟದ್ದಿದ್ದರೆ ಕೆಮ್ಮುತ್ತಿದ್ದೆ. ಛಲೋ ಇದ್ದರೆ ಸುಮ್ಮನಿರುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಸೊಪ್ಪು, ಗೋವಿನಜೋಳಗಳಲ್ಲಿರುವ ಹಳದಿ ಬಣ್ಣ ಕಣ್ಣಿನ ನಡುಭಾಗ ಸೇರಿ ಅದನ್ನು ಕಾಯುತ್ತದೆ ಎಂದಿದ್ದರು ಕೊಪ್ಪಳದ ಡಾಕ್ಟರು. ಮಿದುಳಿಗೂ ಅದು ಸೇರುತ್ತದೆ, ಮುಪ್ಪಿನ ಮರೆವಿಗೂ ಅದಕ್ಕೂ ನಂಟಿರಬಹುದಂತೆ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದು ಉಳಿದೀತು. ನಮ್ಮೂರು ಹನುಮಸಾಗರ ಬಿಟ್ಟು ಗಂಗಾವತಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ರೊಟ್ಟಿ, ಪಲ್ಲೆ ನಿಂತುಹೋಗಿದ್ದವು. ಅಕ್ಕಿ ನೋಡುವವನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಬಾರದೆಂದು ಅಪ್ಪನ ಹಟ. ಮೂರು ಹೊತ್ತೂ ಬಿಳಿ ಅನ್ನ.

ಅವ್ವ ದಿನಾ ರಾಜಗಿರಿ ಸೊಪ್ಪು ಬೇಯಿಸತೊಡಗಿದಳು, ಎಣ್ಣೆಯಿಲ್ಲದೆ. ಎಣ್ಣೆಯಿದ್ದರೇ ಆ ಬಣ್ಣ ಮೈಗೆ ಹತ್ತುವುದು ಎಂದೆ.

“ಎದಿ ಡಾಕ್ಟರ್ ಎಣ್ಣಿ ಬ್ಯಾಡ ಅಂದಾನ, ಕಣ್ಣಿನ ಡಾಕ್ಟರ್ ಪಲ್ಲೆ ತಿನ್ನು ಅಂದಾನ. ನೀ ಯಾತರ ಡಾಕ್ಟರಪಾ?” ಎಂದಳು.

“ಹಾಕು ಒಂದ್ ಚಮಚ,” ಎಂದ ಅಪ್ಪ. “ಎದಿ ಗಟ್ಟಿ ಇಟಗೊಂಡು ಕುಡ್ಡ ಆಗಿ ಏನ್ ಮಾಡ್ಲಿ?”

ಆ ವಾರ ಕುಷ್ಟಗಿಯ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಸೋಮವಾರ ಹಾಜರಾಗಬೇಕಿತ್ತು. ಮನೆಯಲ್ಲಿ ಹೇಳಲಾಗಲಿಲ್ಲ.

ಶನಿವಾರ ವ್ಯಾಪಾರಿಯೊಬ್ಬ ಮಾದರಿ ತಂದ. ಧಣಿ ಗೋವಿಂದರಾಜರೂ ಬಂದು ನಿಂತರು.

“ಯಾರಪಾ ನೀನು?” ಎಂದ ಅಪ್ಪ.

“ವಿರುಪಣ್ಣ. ಇಪ್ಪತ್ತು ವರ್ಷದಿಂದ ಅದ ವಿರುಪಣ್ಣ, ಹಂಪಣ್ಣ.”

ಅಪ್ಪನ ಅಂಗೈಯಲ್ಲಿ ಕರಿಕಾಳುಗಳು ಎದ್ದು ಕಾಣುತ್ತಿದ್ದವು. ನಾನು ಕೆಮ್ಮಲಿಲ್ಲ. ಅವನು ಛಲೋ ಎನ್ನುತ್ತಾನೆ, ಧಣಿ ತಪ್ಪು ಹಿಡಿಯುತ್ತಾರೆ, ನನಗೆ ಬಿಡುಗಡೆ ಎಂದುಕೊಂಡೆ.

ಅಪ್ಪ ಅಕ್ಕಿಯನ್ನು ಬೆರಳಿನಿಂದ ಸವರುತ್ತ ನನ್ನ ಕೆಮ್ಮಿಗೆ ಕಾದ. ಬೆರಳಿಗೆ ನುಚ್ಚು ಸಿಕ್ಕಿರಬೇಕು, ನನ್ನ ಕಡೆ ತಿರುಗಿದ.

“ನನಗ ಕಾಣಂಗಿಲ್ರಿ ಧಣ್ಯಾರ. ಎರಡು ವರ್ಷ ಆತು. ನೋಡಾಂವ ಇವನ.”

ಧಣಿಗಳು ನಮ್ಮಿಬ್ಬರನ್ನೂ ನೋಡಿದರು. “ಎರಡು ವರ್ಷ ಒಂದ್ ಮಾಲೂ ತಪ್ಪಿಲ್ಲ,” ಎಂದರು. “ಹಂಗಾದ್ರ ಇನ್ನ ಮ್ಯಾಲ ನಿನ್ನ ಮಗ ಕೊಟ್ರೇಶನ ಕುಂದ್ರಲಿ. ಅಂವ ಒಲ್ಲೆ ಅಂದ್ರ ಬ್ಯಾರೆಯವ್ರನ್ನ ತರ್ತೀನಿ.”

ಅಪ್ಪ ಎದ್ದು ಜಾಗ ಬಿಟ್ಟ. ಕೈಚಾಚಿ ನನ್ನ ಭುಜ ಹುಡುಕಿದ. “ಕುಂದ್ರಪಾ.”

ಕುಷ್ಟಗಿಯ ಕೆಲಸದ ಮಾತು ಹೇಳಲೆಂದು ಅವನತ್ತ ತಿರುಗಿದೆ. ಅವನ ಮುಖದಲ್ಲಿ, ನಾನು ಮರೆತೇಬಿಟ್ಟಿದ್ದ ಒಂದು ನಿರಾಳವಿತ್ತು. ತನ್ನ ಅಂಗೈಯ ಅಕ್ಕಿಯನ್ನು ನನ್ನ ಅಂಗೈಗೆ ಸುರಿದ, ಒಂದು ಕಾಳೂ ಬೀಳದಂತೆ.

“ಕರಿಕಾಳು ಎಷ್ಟದಾವ?”

ನಾನು ಕುಳಿತೆ. ಎಣಿಸಿದೆ.

“ಹನ್ನೊಂದು,” ಎಂದೆ.