ಎರಡು ಮೊಳದ ಹೆಜ್ಜೆ

“ಒಂದಾನೊಂದು ಕಾಲದಾಗೆ, ಕಡಲು ಬಿಟ್ಟುಹೋದ ಬಯಲಲ್ಲಿ, ಮನೆಯಷ್ಟೆತ್ತರದ, ಹಲ್ಲಿಯಂಥ ಒಂದು ಪ್ರಾಣಿ ಇತ್ತಂತೆ. ಅದು ಕಾಲಿಟ್ಟಲ್ಲೆಲ್ಲ ಕೆಸರು ಕಲ್ಲಾಗ್ತಿತ್ತಂತೆ…”

ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ನೆರೆಮನೆಯ ಗುತ್ಯಪ್ಪ, ಸತ್ತವಳ ರಾಗವನ್ನೇ ಎಳೆದು ಹೇಳುತ್ತಿದ್ದ. ಒಳಗೆ ಓರಗಿತ್ತಿ ದುಗ್ಗಮ್ಮನ ಹೆಣದ ಕಾಲು ತೊಳೆಯುತ್ತಿದ್ದ ಯಮುನಮ್ಮನಿಗೆ ಮೈಯೆಲ್ಲ ಉರಿಯಿತು. ಆರು ವರ್ಷದಿಂದ ಇದೇ ಕತೆ. ಹೇಳುವವಳು ಹೋದರೂ ಕತೆ ಹೋಗಲಿಲ್ಲವಲ್ಲ.

“ಗುತ್ಯಪ್ಪ, ಕತ್ತಿ ಆಡ್ಸು, ಬಾಯಲ್ಲ,” ಎಂದಳು ಒಳಗಿನಿಂದಲೇ.

“ನಾನೆಂತ ಹೇಳ್ದೆ ಯಮುನಕ್ಕ? ಸುಳ್ಳಾದ್ರೂ ಚಂದದ ಸುಳ್ಳು ಅಂದೆ ಅಷ್ಟೆ.”

ದುಗ್ಗಮ್ಮನ ಮಗ ಧರ್ಮಪ್ಪ ಬಾಗಿಲಿಗೆ ಬಂದು ನಿಂತ. ಅತ್ತು ಅತ್ತು ಅವನ ಕಣ್ಣು ಕೆಂಪಾಗಿತ್ತು.

“ಚಿಕ್ಕವ್ವ, ಅವ್ವನ ಜೊತೆ ಯಾತ್ರೆಗೆ ನೀನೂ ಹೋಗಿದ್ಯಲ್ಲ. ಆ ಹೆಜ್ಜೆ ಇತ್ತಾ, ಇಲ್ವಾ? ಒಂದ್ಸಲ ಹೇಳಿಬಿಡು. ರಿಪ್ಪನ್‌ಪೇಟೆ ಸಂತೇಲಿ ನನ್ನ ಹಲ್ಲಿ ಧರ್ಮಪ್ಪ ಅಂತ ಕರೀತಾರೆ.”

“ಹೆಣ ಇಟ್ಕೊಂಡು ಕೇಳೋ ಮಾತಾ ಇದು? ಹೋಗು, ಬಿಸಿನೀರು ತಾ.”

ಯಮುನಮ್ಮನ ಎಲೆಅಡಿಕೆ ಸಂಚಿಯಲ್ಲಿ ಹಸಿರು ಬಟ್ಟೆಯ ಪಟ್ಟಿಯೊಂದಿತ್ತು. ಮೊನ್ನೆ ದುಗ್ಗಮ್ಮ ಅದನ್ನು ಕೈಗೆ ತುರುಕಿ, “ಉಸಿರಿರೋ ತನಕ ನೀ ಹೇಳ್ಲಿಲ್ಲ. ನನ್ನ ಹೊತ್ಕೊಂಡು ಹೋದ ದಿನ ಆದ್ರೂ ಹೇಳು,” ಎಂದಿದ್ದಳು. ಯಮುನಮ್ಮ “ಹೂಂ” ಎಂದಿದ್ದಳು. ಸಾಯುವವಳಿಗೆ ಇನ್ನೇನು ಹೇಳುವುದು?

*

ಅರವತ್ತೊಂದನೆಯ ಇಸವಿ. ಲಿಂಗನಮಕ್ಕಿಯ ಕಟ್ಟೆ ಏಳುತ್ತಿತ್ತು. ಗದ್ದೆ ಮನೆ ಮುಳುಗುವ ಮೊದಲು ಒಂದು ಯಾತ್ರೆ ಮಾಡಿಬರೋಣವೆಂದು ಇಬ್ಬರೂ ಯಾತ್ರಿಕರ ಬಸ್ಸು ಹತ್ತಿದ್ದರು. ದ್ವಾರಕೆ ನೋಡಿಕೊಂಡು, ಕಚ್ಛದ ಮರುಭೂಮಿ ದಾಟಿ, ನಾರಾಯಣ ಸರೋವರಕ್ಕೆ. ದಾರಿಯ ಪೇಟೆಯೊಂದರಲ್ಲಿ ಎಲ್ಲರೂ ಗುಡಿಗೆ ಹೋದರೆ ದುಗ್ಗಮ್ಮ ಪಕ್ಕದ ಮ್ಯೂಸಿಯಂಗೆ ನುಗ್ಗಿದಳು. ಗಾಜಿನೊಳಗೆ ಒನಕೆಯುದ್ದದ, ಕಲ್ಲಾಗಿಹೋದ ಮೂಳೆ. ಅಲ್ಲಿನ ಕಾವಲುಗಾರನಿಗೆ ಕನ್ನಡ ಬಾರದು, ಇವಳಿಗೆ ಅವನ ಭಾಷೆ ಬಾರದು. ಆದರೂ ಅರ್ಧ ಗಂಟೆ ಮಾತಾಡಿದರು. ಕೊನೆಗೆ ಅವನು ಚೀಟಿಯ ಮೇಲೆ ಮೂರು ಬೆರಳಿನ ಪಾದವೊಂದನ್ನು ಬರೆದು, ಊರಿನ ಹೆಸರು ಗೀಚಿಕೊಟ್ಟ.

ಮರುದಿನ ಬಸ್ಸು ಅಡುಗೆಗೆಂದು ನಿಂತಾಗ ದುಗ್ಗಮ್ಮ ಆ ಚೀಟಿಯನ್ನು ಕುರಿಯವನೊಬ್ಬನಿಗೆ ತೋರಿಸಿದಳು. ಅವನು ಕೈ ನೀಡಿದ ದಿಕ್ಕಿಗೆ ನಡೆದೇಬಿಟ್ಟಳು.

“ಬಸ್ಸು ಹೋಗ್ತದೆ ಅಕ್ಕ.”

“ಹೋಗ್ಲಿ. ಸರೋವರ ಎಲ್ಲಿಗೆ ಹೋಗ್ತದೆ?”

ಬೈಯುತ್ತ ಬೈಯುತ್ತ ಯಮುನಮ್ಮ ಮೈಲಿಗಟ್ಟಲೆ ಮರಳು ತುಳಿದಳು. ಬತ್ತಿದ ಹಳ್ಳದ ಬಂಡೆಯ ಮೇಲೆ ಅವು ಇದ್ದವು: ಮೂರು ಬೆರಳಿನ ಹೆಜ್ಜೆಗಳು, ಒಂದರ ಮುಂದೊಂದು, ಈಗಷ್ಟೇ ನಾಟಿಯ ಗದ್ದೆ ದಾಟಿ ಯಾರೋ ಹೋದ ಹಾಗೆ. ಅವಳ ಬೈಗುಳ ಬಾಯಲ್ಲೇ ಉಳಿಯಿತು. ದುಗ್ಗಮ್ಮ ಒಂದರೊಳಗೆ ತನ್ನ ಕಾಲಿಟ್ಟಳು. ಬೆರಳಿನ ಗುಳಿಯೊಂದರಲ್ಲೇ ಕಾಲು ಅಡಗಿಹೋಯಿತು.

“ನಮ್ಮ ಗದ್ದೆ ಮುಳುಗಿದ್ಮೇಲೆ ನಮ್ಮ ಹೆಜ್ಜೆ ಯಾರಿಗೆ ಸಿಗ್ತದೋ,” ಎಂದಳು. ಅಳೆಯಲು ದಾರವಿರಲಿಲ್ಲ. ಯಮುನಮ್ಮನ ಹೊಸ ಸೀರೆಯ ಹಸಿರಂಚು ಪರ್ರನೆ ಹರಿಯಿತು; ಹೆಜ್ಜೆಯ ಉದ್ದಕ್ಕೆ ಸರಿಯಾಗಿ, ಎರಡು ಮೊಳ.

“ನಿನ್ನ ಕೈ ಸೇದಿಹೋಗ. ಉಟ್ಟಿದ್ದು ಮೊದಲನೇ ಸಲ.”

“ನಾನು ಹೇಳಿದ್ರೆ ಕತೆ ಅಂತಾರೆ. ನೀನು ಹೌದು ಅನ್ನಬೇಕು.”

“ಅಂತೀನಿ ಮಾರಾಯ್ತಿ, ಮೊದ್ಲು ಏಳು.”

ತಿರುಗಿ ಬಂದಾಗ ಬಸ್ಸು ಇರಲಿಲ್ಲ. ಸರೋವರದ ಸ್ನಾನ ತಪ್ಪಿತು. ಊರು ಮುಟ್ಟಿದ ಮೇಲೆ, ಆ ಸಿಟ್ಟಿಗೋ ಜನ ನಗುತ್ತಾರೆಂಬ ಅಂಜಿಕೆಗೋ, ಯಮುನಮ್ಮ, “ನಾನೆಂತದೂ ನೋಡ್ಲಿಲ್ಲ. ಸೀರೆ ಬಸ್ಸಿನ ಮೊಳೆಗೆ ಸಿಕ್ಕಿ ಹರೀತು,” ಎಂದುಬಿಟ್ಟಳು. ದುಗ್ಗಮ್ಮ ಅವಳ ಮುಖ ನೋಡಿದಳು, ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು.

*

ಗಂಡಸರು ಸುಡುಗಾಡಿನಿಂದ ಮಿಂದು ಬಂದರು. ಹೋಗುವ ಮೊದಲು, ಜೀವ ಹೋದ ಜಾಗದಲ್ಲಿ ದೀಪವಿಟ್ಟು, ನೆಲಕ್ಕೆ ಅಕ್ಕಿಹಿಟ್ಟು ಹರಡಿ ಬಾಗಿಲೆಳೆದಿದ್ದರು. ಹಿಟ್ಟಿನ ಮೇಲೆ ಯಾವುದರ ಗುರುತು ಮೂಡಿರುತ್ತದೋ ಸತ್ತವರು ಆ ಜನ್ಮಕ್ಕೆ ಹೋದರೆಂದು ನಂಬಿಕೆ. ಧರ್ಮಪ್ಪ ಬಾಗಿಲು ನೂಕಿದ. ಹೇಗೋ ಒಳಹೊಕ್ಕಿದ್ದ ಕೋಳಿಯೊಂದು ಅವನ ಕಾಲ ಸಂದಿಯಲ್ಲೇ ಹೊರಗೋಡಿತು. ಹಿಟ್ಟಿನ ಮೇಲೆ ಮೂರು ಬೆರಳಿನ ಪುಟ್ಟ ಹೆಜ್ಜೆಗಳು, ಒಂದರ ಮುಂದೊಂದು.

ಗುತ್ಯಪ್ಪ ಇಣುಕಿ ನೋಡಿದ. “ಮನೆಯಷ್ಟೆತ್ತರದ್ದು ಅಂತಿದ್ಲು. ಕಡೆಗೆ ಕೋಳಿಯಾದ್ಲು.”

ಯಾರೋ ಮೂಗಿನಲ್ಲೇ ನಕ್ಕರು. ಧರ್ಮಪ್ಪ ತಲೆ ಎತ್ತದೆ, ಹಿಟ್ಟು ಗುಡಿಸಲು ಪೊರಕೆ ತೆಗೆದುಕೊಂಡ.

“ಪೊರಕೆ ಇಡು,” ಎಂದಳು ಯಮುನಮ್ಮ. “ಸತ್ತ ಮೇಲೂ ನನ್ನ ಕೈಲೇ ಕೆಲಸ ಮಾಡಿಸ್ತಾಳೆ.”

ಅಡುಗೆಮನೆಯಿಂದ ಹಿಟ್ಟಿನ ಡಬ್ಬಿಯನ್ನೇ ತಂದು, ಸಂಚಿ ಬಿಚ್ಚಿ ಹಸಿರು ಪಟ್ಟಿ ಎಳೆದಳು.

“ಇದು ಮೊಳೆಗೆ ಸಿಕ್ಕಿದ್ದಲ್ಲ. ನಿನ್ನವ್ವ ಹರಿದದ್ದು. ಆ ಹೆಜ್ಜೆ ನಾನೂ ಕಂಡೀನಿ ಧರ್ಮಪ್ಪ. ಆರು ವರ್ಷ ಸುಳ್ಳು ಹೇಳಿದ್ದು ನಾನು, ಅವಳಲ್ಲ. ಆಕಾರ ಇದೇ, ಈ ಕೋಳೀದು. ಅಳತೆ ನೋಡ್ಕೊಳ್ಳಿ.”

ಮಂಡಿಯೂರಿ ಕೂತು, ಹಿಟ್ಟು ಸುರಿಯುತ್ತ, ಹೆಜ್ಜೆಯ ಹಿಮ್ಮಡಿ ಕಡೆಯಿಂದ ಗೆರೆ ಎಳೆಯತೊಡಗಿದಳು.

“ಗುತ್ಯಪ್ಪ, ಕಾಲು ತೆಗಿ.”

“ಇಲ್ಲಿಗೆ ಸಾಕಾ?”

“ಇನ್ನೂ ಆಚೆ.”

ಮೂರು ಬೆರಳೂ ಮೂಡಿದವು. ಹಿಮ್ಮಡಿಯಿಂದ ನಡುಬೆರಳ ತುದಿಗೆ ಪಟ್ಟಿಯನ್ನು ಹಾಸಿದಳು, ಸರಿಯಾಗಿ ಕೂತಿತು. ಆ ಪುಟ್ಟ ಕೋಣೆಯಲ್ಲಿ ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಕೋಳಿ ಮತ್ತೆ ಒಳಗೆ ಬಂದು, ಆ ಪಾದದ ನಟ್ಟನಡುವೆ ನಿಂತು ಹಿಟ್ಟು ಹೆಕ್ಕತೊಡಗಿತು. ಯಾರೂ ಓಡಿಸಲಿಲ್ಲ.