ಬದುವಿನ ಮೇಲೊಂದು ಜಾಗ

ಸಿದ್ದಾಪುರದ ಕಾಲುವೆಗೆ ನೀರು ಬಿಟ್ಟ ವಾರ, ಒಂದು ಮುಂಜಾನೆ ನಾಟಿ ಆಳುಗಳ ಟಂಟಂ ಆಟೋ ಮುದುಕಿ ಪಾರಮ್ಮನನ್ನು ರಸ್ತೆಯಲ್ಲೇ ಬಿಟ್ಟು ಹೊರಟಿತು. "ಎಕರೆ ಲೆಕ್ಕದ ಗುತ್ತಿಗಿ ಐತಿ ಆಯಿ, ಬಗ್ಗಾಕ ಬರದವ್ರು ಬ್ಯಾಡ" ಎಂದರು ಆಳುಗಳು. ಒಳಗೆ ಕುಳಿತಿದ್ದ ಅಮರಮ್ಮ ತಲೆ ತಗ್ಗಿಸಿದಳು.

ಅವಳಿಗೆ ನಾಟಿ ಕಲಿಸಿದವಳೇ ಪಾರಮ್ಮ. ಆಗೆಲ್ಲ ಬಗ್ಗಲಾಗದ ಮುದುಕಿಯರು ಬದುವಿನ ಮೇಲೆ ಕುಳಿತು ಸಸಿಯ ಕಟ್ಟು ಕಟ್ಟುತ್ತಿದ್ದರು. ಎಲೆ ಅಡಿಕೆ ಮೆಲ್ಲುತ್ತ, ಸಾಲು ಸೊಟ್ಟ ಹಾಕಿದ ಹೊಸ ಸೊಸೆಯಂದಿರನ್ನು ಬೈಯುತ್ತಿದ್ದರು. ಸಂಜೆ ಕೂಲಿಯಲ್ಲಿ ಅವರಿಗೂ ಸಮಪಾಲು.

ಅಂದು ಸಂಜೆ ಅಮರಮ್ಮನ ಮಗಳು ಅನ್ನಪೂರ್ಣ ಊರಿಗೆ ಬಂದಿದ್ದಳು. ಪಿಎಚ್.ಡಿ. ಮಾಡುತ್ತಾಳೆ, ಫೆಲೋಶಿಪ್ ಬರುತ್ತದೆ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ನೆರೆಮನೆಯ ಇಮಾಮಬಾನು ಚಹಾಕ್ಕೆ ಬಂದಳು.

"ಬಾನು, ಓದೋ ಹುಡುಗ್ರು ಮುಪ್ಪಿಗೆ ರೊಕ್ಕ ಕೂಡಿಡಾಕ ಬರತೈತೇನು?" ಎಂದಳು ಅಮರಮ್ಮ.

ಅನ್ನಪೂರ್ಣ ನಕ್ಕಳು. "ನನಗಿನ್ನೂ ಇಪ್ಪತ್ನಾಕು. ಲಗ್ನಾ ಬ್ಯಾಡ ಅಂದ್ರ ಮುದುಕೀನ ಮಾಡಾಕ ನಿಂತಿಯಲ್ಲಬೇ. ನೌಕರಿ ಬರ್ಲಿ, ಪಿಂಚಣಿ ತಾನಾ ಬರತೈತಿ."

ಬಾನು ಕಪ್ಪಿನ ಚಹಾ ಬಸಿಗೆ ಸುರಿದುಕೊಂಡಳು. "ಮುನಿರಾಬಾದಿನ ಡ್ಯಾಮಿನ ಹಳೇ ಸರಕಾರಿ ನೌಕರದಾರ್ರಿಗೆ ಬರತೈತಿ, ಖರೆ. ನಿನ್ನಂಗ ಓದಿದವ್ರು ಹತ್ತು ವರ್ಷಾದ್ರೂ ಅತಿಥಿ ಉಪನ್ಯಾಸಕರಾಗೇ ಇರ್ತಾರ, ಪಿಂಚಣಿ ಬರೂದಿಲ್ಲ. ಅಂಥವ್ರಿಗೆ ಅಟಲ್ ಪಿಂಚಣಿ ಅಂತ ಸರಕಾರದ ಯೋಜನಾ ಐತಿ. ಹದಿನೆಂಟರಿಂದ ನಲವತ್ತರ ತನಕ ಸೇರಬಹುದು, ಆದಾಯ ತೆರಿಗಿ ಕಟ್ಟೋರಿಗಿಲ್ಲ. ನಿನ್ನ ವಯಸ್ಸಿಗೆ ತಿಂಗಳಾ ಮುನ್ನೂರಾ ನಲವತ್ತಾರು ಕಟ್ಕೊಂತ ಹೋದ್ರ, ಅರವತ್ತಾದ ಮ್ಯಾಲೆ ತಿಂಗಳಾ ಐದು ಸಾವಿರ."

"ಅಷ್ಟು ಮೊಬೈಲಿಗೇ ಹೋಗತೈತಿ. ಮುಂದಿನ ವರ್ಷ ನೋಡೋಣು ಬಾನಕ್ಕ."

"ಹಂಗಾರ ನನ್ನ ಹೆಸರರ ಬರಿ" ಎಂದಳು ಅಮರಮ್ಮ.

"ನಿನಗೆಷ್ಟು ವಯಸ್ಸು?" ಎಂದಳು ಬಾನು.

"ನಲವತ್ತೆರಡು."

ಬಾನು ಬಸಿ ಕೆಳಗಿಟ್ಟಳು. "ಎರಡು ವರ್ಷ ತಡಾ ಆತವ್ವ."

ಅಮರಮ್ಮ ಸೊಂಟ ಒತ್ತಿಕೊಂಡಳು. ಆಮೇಲೆ ಮಗಳಿಗೆ ಮುಂಜಾನೆಯ ಸಂಗತಿ ಹೇಳಿದಳು. "ಹಿಂದಿನವ್ರಿಗೆ ಬದುವಿನ ಮ್ಯಾಲೆ ಜಾಗ ಇತ್ತು. ಪಾರಮ್ಮಾಯಿಗೆ ಇಲ್ದಂಗಾತು. ನಿನಗ ಯಾರು ಕೊಡ್ತಾರವ್ವ?"

ಅನ್ನಪೂರ್ಣ ಫೋನು ಬದಿಗಿಟ್ಟಳು. "ಬಾನಕ್ಕ, ನಂದು ಬರೀರಿ. ಅವ್ವಗ ಬ್ಯಾರೆ ದಾರಿ ಇಲ್ಲೇನು?"

"ಐತಿ. ನಮ್ಮ ಅಂಚೆ ಕಚೇರ್ಯಾಗ ಪಿಪಿಎಫ್ ಅನ್ನೋ ಉಳಿತಾಯ ಖಾತೆ ಐತಿ, ಅದಕ್ಕ ವಯಸ್ಸು ಕೇಳೂದಿಲ್ಲ. ವರ್ಷಕ್ಕ ಐದುನೂರು ಕಟ್ಟಿದ್ರೂ ನಡೀತೈತಿ. ಹದಿನೈದು ವರ್ಷದ್ದು, ಕೊನೀಗೆ ಬಡ್ಡಿ ಸಮೇತ ರೊಕ್ಕ ಬರತೈತಿ."

ಮರುದಿನ ತಾಯಿ ಮಗಳು ಅಂಚೆ ಕಚೇರಿಗೆ ಹೊರಟಾಗ ಕಟ್ಟೆಯ ಮೇಲಿದ್ದ ಪಾರಮ್ಮ ಕೇಳಿದಳು, "ಇಬ್ಬರೂ ಎಲ್ಲಿಗೆ ಹೊಂಟೀರಿ?"

"ಮುಪ್ಪಿಗೆ ಬದು ಹಾಕಾಕ, ಆಯಿ" ಎಂದಳು ಅಮರಮ್ಮ.

ಓದುತ್ತಿರುವ ಮಕ್ಕಳೇ, ಫೆಲೋಶಿಪ್ಪಿನ ಮೊದಲ ತಿಂಗಳೇ ಹತ್ತಿರದ ಬ್ಯಾಂಕು ಇಲ್ಲವೇ ಅಂಚೆ ಕಚೇರಿಗೆ ಹೋಗಿ ಈಗಿನ ನಿಯಮ ಕೇಳಿಕೊಳ್ಳಿ. ಸಣ್ಣದಾದರೂ ಸರಿ, ಬಗ್ಗುವ ಶಕ್ತಿ ಇರುವಾಗಲೇ ನಿಮ್ಮ ಬದು ನೀವು ಹಾಕಿಕೊಳ್ಳಿ.